ಚಿಕ್ಕ ಗುಳ್ಳೆಯ ಗಾಳಿ ದೊಡ್ಡ ಗುಳ್ಳೆಗೆ ಹೋಗಿದ್ದು ಸರಿಯೇ?

ಪ್ರಶ್ನೆ: ಸರ್, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೇಲ್ಮೈ ಒತ್ತಡದ ಬಗ್ಗೆ ಹೇಳುವಾಗ ಒಂದು ಪ್ರಯೋಗ ಮಾಡಿ ತೋರಿಸಿದೆ. ಮೂರು ಬಾಯಿಯ ನಳಿಗೆ ತೆಗೆದುಕೊಂಡು, ಒಂದು ಬಾಯಿಯಿಂದ ಊದಿ, ಉಳಿದ ಎರಡು ಬಾಯಿಗಳಲ್ಲಿ ಸೋಪಿನ ಗುಳ್ಳೆ ಮಾಡಿದೆ. ಒಂದು ಸುಮಾರು 3 ಸೆಂ.ಮೀ. ಅಗಲ, ಇನ್ನೊಂದು 6 ಸೆಂ.ಮೀ. ಅಗಲ. ಊದಿದ ಬಾಯಿ ಮುಚ್ಚಿದೆ. ಎರಡು ಗುಳ್ಳೆಗಳ ನಡುವೆ ಒಂದು ಕ್ಲಿಪ್ ಇತ್ತು. ಅದನ್ನು ತೆಗೆದರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಿದೆ. ದೊಡ್ಡದರ ಗಾಳಿ ಚಿಕ್ಕದಕ್ಕೆ ಹೋಗಿ ಎರಡೂ ಸಮ ಆಗುತ್ತವೆ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಚಿಕ್ಕದು ಕುಗ್ಗುತ್ತಾ ಹೋಗಿ, ನಳಿಗೆಯ ಬಾಯಲ್ಲಿ ಒಂದು ಸಣ್ಣ ಉಬ್ಬು ಮಾತ್ರ ಉಳಿಯಿತು. ದೊಡ್ಡದು ಬೆಳೆದ ಹಾಗೆ ಕಾಣಲಿಲ್ಲ. ಎಲ್ಲೋ ಸೋರಿಕೆ ಇದೆ ಎಂದು ನನ್ನ ಸಹೋದ್ಯೋಗಿ ಹೇಳುತ್ತಾರೆ. ಒಳಗಿನ ಹೆಚ್ಚುವರಿ ಒತ್ತಡದ ಸೂತ್ರದಲ್ಲಿ ಪುಸ್ತಕದ ಒಂದು ಕಡೆ 2 ಅಂತ ಇದೆ, ಇನ್ನೊಂದು ಕಡೆ 4 ಅಂತ ಇದೆ. ತ್ರಿಜ್ಯ ಸೊನ್ನೆಯಾದರೆ ಒತ್ತಡ ಅನಂತ ಆಗಬೇಕಲ್ಲ, ಹಾಗಾದರೆ ಗುಳ್ಳೆ ಹುಟ್ಟುವುದೇ ಹೇಗೆ ಎಂದು ಒಬ್ಬ ಹುಡುಗಿ ಕೇಳಿದಳು. ಶ್ವಾಸಕೋಶದ ಚಿಕ್ಕ ಗಾಳಿಚೀಲಗಳೂ ಹೀಗೇ ದೊಡ್ಡದಕ್ಕೆ ಖಾಲಿ ಆಗಬೇಕಲ್ವಾ ಎಂದು ಇನ್ನೊಬ್ಬ ಕೇಳಿದ. ಮುಂದಿನ ಸಲ ಸೋಪಿನ ಬದಲು ಬಲೂನು ಬಳಸಲೇ? ಪಾದರಸದ ಹನಿ ತೋರಿಸಬಹುದೇ?

ಉತ್ತರ: ಮೇಡಂ, ನಿಮ್ಮ ಪ್ರಯೋಗ ಸರಿಯಾಗಿಯೇ ನಡೆದಿದೆ. ತಪ್ಪಾಗಿದ್ದು ಊಹೆ ಮಾತ್ರ. ಆ ಊಹೆ ಬಹಳ ಜನರಿಗೆ ಬರುತ್ತದೆ. ದ್ರವಗಳ ಮೇಲ್ಮೈ ಅಳೆಯುವ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದಿದ್ದೇನೆ. ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗರಿಗೆ ನಿಮ್ಮದೇ ಪ್ರಶ್ನೆ ಕೇಳುತ್ತೇನೆ. ಸೂತ್ರ ಬಾಯಿಪಾಠ ಇರುವವರೂ ಎಷ್ಟೋ ಸಲ ದೊಡ್ಡದು ಚಿಕ್ಕದಕ್ಕೆ ಕೊಡುತ್ತದೆ ಎಂದೇ ಹೇಳುತ್ತಾರೆ. ದೊಡ್ಡದರಲ್ಲಿ ಗಾಳಿ ಜಾಸ್ತಿ ಇದೆ, ಆದ್ದರಿಂದ ಒತ್ತಡವೂ ಜಾಸ್ತಿ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ಮೊದಲು ಒಂದು ಪದದ ವಿಷಯ. ನೀವು ‘ಮೇಲ್ಮೈ ಒತ್ತಡ’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಅನೇಕರು ಹಾಗೇ ಬರೆಯುತ್ತಾರೆ. ಗೊಂದಲದ ಅರ್ಧ ಭಾಗ ಅಲ್ಲೇ ಶುರುವಾಗುತ್ತದೆ ಎಂಬುದು ನನ್ನ ಅನುಭವ. ಕೆಲಸದ ಒತ್ತಡ, ರಕ್ತದ ಒತ್ತಡ, ಮೇಲ್ಮೈ ಒತ್ತಡ ಎಂದು ಎಲ್ಲದಕ್ಕೂ ಒಂದೇ ಪದ ಬಳಸಿದರೆ ಮಕ್ಕಳಿಗೆ ಎರಡು ಬೇರೆ ಸಂಗತಿಗಳು ಒಂದೇ ಆಗಿ ಕಾಣುತ್ತವೆ. ಇಲ್ಲಿ ನಾನು ‘ಮೇಲ್ಮೈ ಎಳೆತ’ ಎನ್ನುತ್ತೇನೆ. ಎಳೆತ ಇರುವುದು ದ್ರವದ ಮೈಯ ಉದ್ದಕ್ಕೂ. ಮೈ ಮೇಲೆ ಒಂದು ಗೆರೆ ಎಳೆದರೆ ಆ ಗೆರೆಯ ಎರಡೂ ಬದಿಯ ದ್ರವ ಒಂದನ್ನೊಂದು ಎಳೆಯುತ್ತಿರುತ್ತದೆ. ಅದನ್ನು ಒಂದು ಮೀಟರ್ ಉದ್ದಕ್ಕೆ ಎಷ್ಟು ನ್ಯೂಟನ್ ಎಂದು ಅಳೆಯುತ್ತೇವೆ. ಒತ್ತಡ ಬೇರೆ. ಅದು ಹರವಿನ ಮೇಲೆ ತಳ್ಳುವುದು, ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂಬ ಲೆಕ್ಕ. ಅದೇ ಪ್ಯಾಸ್ಕಲ್. ಬಟ್ಟಲಿನ ನಿಂತ ನೀರಿನ ಸಪಾಟು ಮೈಯಲ್ಲೂ ಎಳೆತ ಇದೆ. ಆದರೆ ಅಲ್ಲಿ ಮೈಯ ಮೇಲೂ ಕೆಳಗೂ ಒತ್ತಡ ಒಂದೇ. ಮೈ ಬಾಗಿದಾಗ ಮಾತ್ರ ಎರಡು ಬದಿಯ ಒತ್ತಡ ಬೇರೆ ಬೇರೆ ಆಗುತ್ತದೆ. ಎಳೆತದಿಂದ ಒತ್ತಡದ ವ್ಯತ್ಯಾಸ ಹುಟ್ಟುವುದು ಬಾಗಿನ ಮೂಲಕ.

ಒತ್ತಡ ಯಾವ ಬದಿಗೆ ಜಾಸ್ತಿ? ಬಾಗಿದ ಮೈಯ ಒಳಬದಿಗೆ, ಅಂದರೆ ತಗ್ಗಿನ ಕಡೆಗೆ. ಚಮಚದಲ್ಲಿ ಪಾಯಸ ನಿಲ್ಲುವ ಬದಿ ಇದೆಯಲ್ಲ, ಆ ಬದಿ. ಹನಿಗೂ ಇದೇ, ಗುಳ್ಳೆಗೂ ಇದೇ, ಸಣ್ಣ ಕೊಳವೆಯಲ್ಲಿ ಏರುವ ನೀರಿಗೂ ಇದೇ. ಮಕ್ಕಳಿಗೆ ಈ ಒಂದು ಮಾತು ಕೈವಶವಾದರೆ ಮುಂದಿನ ಎಲ್ಲವನ್ನೂ ತಾವೇ ಬಿಡಿಸಿಕೊಳ್ಳುತ್ತಾರೆ.

ಇನ್ನು ಚಿಕ್ಕದರಲ್ಲಿ ಯಾಕೆ ಜಾಸ್ತಿ ಎಂಬುದು. ಒಂದು ಹನಿಯನ್ನು ಮನಸ್ಸಿನಲ್ಲೇ ಸರಿಯಾಗಿ ಅರ್ಧಕ್ಕೆ ಕತ್ತರಿಸಿ. ಎರಡು ಅರ್ಧಗಳನ್ನು ಹಿಡಿದಿಟ್ಟಿರುವುದು ಏನು? ಕತ್ತರಿಸಿದ ಜಾಗದ ಅಂಚು, ಅಂದರೆ ವೃತ್ತದ ಸುತ್ತಳತೆ. ಎಳೆತ ಕೆಲಸ ಮಾಡುವುದು ಆ ಅಂಚಿನ ಉದ್ದಕ್ಕೆ. ಅವನ್ನು ದೂರ ತಳ್ಳುತ್ತಿರುವುದು ಏನು? ಒಳಗಿನ ಹೆಚ್ಚುವರಿ ಒತ್ತಡ. ಅದು ಕೆಲಸ ಮಾಡುವುದು ಇಡೀ ವೃತ್ತದ ಹರವಿನ ಮೇಲೆ. ಹನಿ ಎರಡು ಪಟ್ಟು ದೊಡ್ಡದಾದರೆ ಅಂಚು ಎರಡು ಪಟ್ಟು ಆಗುತ್ತದೆ, ಹರವು ನಾಲ್ಕು ಪಟ್ಟು. ಹಿಡಿಯುವ ಬಲ ಎರಡರಷ್ಟಾಯಿತು, ತಳ್ಳುವ ಜಾಗ ನಾಲ್ಕರಷ್ಟಾಯಿತು. ಹಾಗಾಗಿ ಸಮ ತೂಗಲು ಅರ್ಧದಷ್ಟು ಒತ್ತಡ ಸಾಕು. ಚಿಕ್ಕ ಹನಿಯಲ್ಲಿ ಲೆಕ್ಕ ತಿರುವುಮುರುವು. ಸೂತ್ರ ಹೇಳುವುದೂ ಇಷ್ಟನ್ನೇ: ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿ. ಇದನ್ನು ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1805ರಲ್ಲಿ ಹೆಚ್ಚಾಗಿ ಮಾತಿನಲ್ಲೇ ವಿವರಿಸಿದ. ಮರುವರ್ಷ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಗಣಿತದಲ್ಲಿ ಬರೆದ. ಅದಕ್ಕೇ ಇಬ್ಬರ ಹೆಸರಿನಲ್ಲೂ ಕರೆಯುತ್ತೇವೆ. ಪಾಠ ಹೇಳುವಾಗ ನನಗೆ ಯಂಗ್‌ನ ದಾರಿಯೇ ಇಷ್ಟ, ಚಿತ್ರ ಮೊದಲು, ಸೂತ್ರ ಆಮೇಲೆ.

2 ಮತ್ತು 4ರ ತಕರಾರು ಇಲ್ಲೇ ಮುಗಿಯುತ್ತದೆ. ಹನಿಗೆ ಒಂದೇ ಮೈ. ನೀರಿನೊಳಗಿನ ಗಾಳಿಗುಳ್ಳೆಗೂ ಒಂದೇ ಮೈ. ಅಲ್ಲಿ 2. ಸೋಪಿನ ಗುಳ್ಳೆಯ ಪೊರೆಗೆ ಒಳಗೊಂದು ಮೈ, ಹೊರಗೊಂದು ಮೈ. ಎರಡೂ ಎಳೆಯುತ್ತವೆ. ಆದ್ದರಿಂದ 4. ಪೊರೆ ಎಷ್ಟು ತೆಳು ಎಂದರೆ ಎರಡು ಮೈಗಳ ತ್ರಿಜ್ಯ ಒಂದೇ ಎಂದು ಹಿಡಿದರೆ ನಷ್ಟವಿಲ್ಲ. ಪುಸ್ತಕದ ಎರಡೂ ಕಡೆ ಸರಿಯೇ ಇದೆ, ಯಾವುದರ ಬಗ್ಗೆ ಹೇಳುತ್ತಿದ್ದಾರೆ ಎಂದು ನೋಡಿಕೊಳ್ಳಬೇಕು ಅಷ್ಟೇ.

ಈಗ ನಿಮ್ಮ ಸಹೋದ್ಯೋಗಿಯ ಅನುಮಾನಕ್ಕೆ ಬರೋಣ. ಅದು ಸುಮ್ನೆ ತಳ್ಳಿಹಾಕುವ ಅನುಮಾನ ಅಲ್ಲ. ಚಿಕ್ಕದು ಕುಗ್ಗಿತು, ದೊಡ್ಡದು ಬೆಳೆಯಲಿಲ್ಲ, ಹಾಗಾದರೆ ಗಾಳಿ ಎಲ್ಲಿಗೆ ಹೋಯಿತು? ನಿಮ್ಮ ಅಳತೆಯಲ್ಲೇ ಲೆಕ್ಕ ಹಾಕಿ. ಗಾತ್ರ ತ್ರಿಜ್ಯದ ಘನದ ಮೇಲೆ ನಿಂತಿದೆ. 3 ಸೆಂ.ಮೀ. ಅಗಲದ ಗುಳ್ಳೆಯಲ್ಲಿ ಇರುವ ಗಾಳಿ 6 ಸೆಂ.ಮೀ. ಅಗಲದ ಗುಳ್ಳೆಯ ಗಾಳಿಯ ಎಂಟನೇ ಒಂದು ಭಾಗ. ಅದೆಲ್ಲವೂ ದೊಡ್ಡದಕ್ಕೆ ಸೇರಿದರೂ ದೊಡ್ಡದರ ಅಗಲ 6ರಿಂದ ಸುಮಾರು 6.24 ಸೆಂ.ಮೀ.ಗೆ ಏರುತ್ತದೆ. ಎರಡೂವರೆ ಮಿ.ಮೀ.ಗೂ ಕಡಿಮೆ. ಅಲುಗಾಡುವ ಗುಳ್ಳೆಯಲ್ಲಿ, ತರಗತಿಯ ಹಿಂದಿನ ಬೆಂಚಿನಿಂದ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಳಿ ಎಲ್ಲಿಗೂ ಹೋಗಿಲ್ಲ, ದೊಡ್ಡದರಲ್ಲೇ ಕೂತಿದೆ.

ಬೆಳೆಯುವುದು ಕಾಣಬೇಕು ಎಂದರೆ ಎರಡನ್ನೂ ಹೆಚ್ಚು ಕಡಿಮೆ ಒಂದೇ ಅಳತೆಗೆ ಊದಿ. ಒಂದು 5 ಸೆಂ.ಮೀ., ಇನ್ನೊಂದು 5.6 ಸೆಂ.ಮೀ. ಇರಲಿ. ಕೊನೆಗೆ ದೊಡ್ಡದು ಸುಮಾರು 6.7 ಸೆಂ.ಮೀ. ಆಗುತ್ತದೆ. ಒಂದು ಸೆಂ.ಮೀ.ಗೂ ಹೆಚ್ಚಿನ ಬದಲಾವಣೆ, ಎಲ್ಲರಿಗೂ ಕಾಣುತ್ತದೆ. ಶುರುವಿನಲ್ಲಿ ಏನೂ ಆಗುತ್ತಿಲ್ಲ ಅನ್ನಿಸಬಹುದು, ಯಾಕೆಂದರೆ ಎರಡರ ಒತ್ತಡ ಹೆಚ್ಚು ಕಡಿಮೆ ಒಂದೇ. ಆದರೆ ಚಿಕ್ಕದು ಸ್ವಲ್ಪ ಕುಗ್ಗಿದರೆ ಅದರ ಒತ್ತಡ ಇನ್ನೂ ಏರುತ್ತದೆ, ದೊಡ್ಡದರದ್ದು ಇನ್ನೂ ಇಳಿಯುತ್ತದೆ, ಓಟ ಜೋರಾಗುತ್ತದೆ. ಎರಡು ಸಮ ಗುಳ್ಳೆಗಳು ಸಮವಾಗಿಯೇ ಉಳಿಯುವುದು ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿದ ಹಾಗೆ. ಮಕ್ಕಳು ಉಸಿರು ಹಿಡಿದು ನೋಡುವ ಪ್ರಯೋಗ ಇದು.

ನಿಜವಾದ ಸೋರಿಕೆ ಇದೆಯೇ ಎಂದು ಪರೀಕ್ಷಿಸುವುದೂ ಸುಲಭ. ಕ್ಲಿಪ್ ಹಾಕಿಯೇ ಎರಡೂ ಗುಳ್ಳೆಗಳನ್ನು ಒಂದು ನಿಮಿಷ ಬಿಡಿ. ಅಳತೆ ಬದಲಾಗದಿದ್ದರೆ ಜೋಡಣೆ ಗಟ್ಟಿ ಇದೆ. ಬದಲಾದರೆ ರಬ್ಬರ್ ನಳಿಗೆ ಗಾಜಿಗೆ ಸೇರುವ ಜಾಗ ನೋಡಿ. ಸೋರುವುದು ಸಾಮಾನ್ಯವಾಗಿ ಅಲ್ಲೇ.

ಸೋಪಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಸೋಪು ನೀರಿನ ‘ಚರ್ಮ’ವನ್ನು ಗಟ್ಟಿ ಮಾಡುತ್ತದೆ, ಅದಕ್ಕೇ ಗುಳ್ಳೆ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ನಡೆಯುವುದು ಅದಕ್ಕೆ ತದ್ವಿರುದ್ಧ. ಶುದ್ಧ ನೀರಿನ ಎಳೆತ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 0.0728 ನ್ಯೂಟನ್. ಸೋಪು ಸೇರಿದರೆ ಅದು ಸುಮಾರು 0.025ಕ್ಕೆ, ಮೂರನೇ ಒಂದು ಭಾಗಕ್ಕೆ, ಇಳಿಯುತ್ತದೆ. ಗುಳ್ಳೆ ಉಳಿಯುವ ಗುಟ್ಟು ಬೇರೆ. ಪೊರೆ ಎಲ್ಲಾದರೂ ಹಿಗ್ಗಿ ತೆಳುವಾದರೆ ಅಲ್ಲಿ ಸೋಪಿನ ಅಣುಗಳು ವಿರಳವಾಗುತ್ತವೆ. ಆ ಜಾಗದಲ್ಲಿ ಮಾತ್ರ ಎಳೆತ ಏರುತ್ತದೆ. ಏರಿದ ಎಳೆತ ಸುತ್ತಲಿನ ದ್ರವವನ್ನು ತನ್ನ ಕಡೆ ಸೆಳೆದುಕೊಂಡು ತೆಳುವಾದ ಜಾಗವನ್ನು ತುಂಬುತ್ತದೆ. ತೇಪೆ ತಾನಾಗಿಯೇ ಬೀಳುತ್ತದೆ. ಬರೀ ನೀರಿಗೆ ಈ ಗುಣ ಇಲ್ಲ. ಅದಕ್ಕೇ ಅದರಲ್ಲಿ ಗುಳ್ಳೆ ಊದಿದರೂ ನಿಲ್ಲುವುದಿಲ್ಲ.

‘ಚರ್ಮ’ ಎಂಬ ಹೋಲಿಕೆಯನ್ನೇ ನಾನು ಸ್ವಲ್ಪ ಹುಷಾರಾಗಿ ಬಳಸುತ್ತೇನೆ. ರಬ್ಬರ್ ಹಾಳೆಯನ್ನು ಎಳೆದಷ್ಟೂ ಬಿಗಿ ಹೆಚ್ಚುತ್ತದೆ. ನೀರಿನ ಮೈ ಹಾಗಲ್ಲ. ಎಷ್ಟೇ ಹಿಗ್ಗಿಸಿದರೂ ಒಳಗಿನಿಂದ ಹೊಸ ಅಣುಗಳು ಮೈಗೆ ಬರುತ್ತವೆ, ಎಳೆತ ಅಷ್ಟೇ ಇರುತ್ತದೆ. ನಿಮ್ಮ ಬಲೂನಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎರಡು ಬಲೂನುಗಳನ್ನು ನಳಿಗೆಯಿಂದ ಜೋಡಿಸಿದರೂ ಅನೇಕ ಸಲ ಚಿಕ್ಕದು ದೊಡ್ಡದಕ್ಕೆ ಗಾಳಿ ಕೊಡುತ್ತದೆ. ನೋಡಲು ಅದೇ ಫಲಿತಾಂಶ. ಆದರೆ ಕಾರಣದಲ್ಲಿ ರಬ್ಬರಿನ ಸ್ವಭಾವವೂ ಸೇರಿಕೊಂಡಿದೆ. ಬಲೂನು ಊದುವಾಗ ಮೊದಲ ಒಂದೆರಡು ಉಸಿರು ಕಷ್ಟ, ಆಮೇಲೆ ಸಲೀಸು, ಪೂರ್ತಿ ತುಂಬುವಾಗ ಮತ್ತೆ ಬಿಗಿ. ಅಂದರೆ ಒತ್ತಡ ಏರಿ, ಇಳಿದು, ಮತ್ತೆ ಏರುತ್ತದೆ. ಯಾವ ಹಂತದಲ್ಲಿ ಜೋಡಿಸಿದಿರಿ ಎಂಬುದರ ಮೇಲೆ ಫಲಿತಾಂಶ ಬದಲಾಗಬಹುದು. ಜಾಸ್ತಿ ಊದಿದ ಬಲೂನಿನಿಂದ ಚಿಕ್ಕದಕ್ಕೆ ಗಾಳಿ ಬಂದರೆ ನಿಮ್ಮ ಪಾಠ ಅಲ್ಲಿಗೇ ತಲೆಕೆಳಗು. ಸೋಪಿನ ಗುಳ್ಳೆ ಒಡೆಯುತ್ತದೆ, ಕೈ ಜಾರುತ್ತದೆ, ತಾಳ್ಮೆ ಬೇಡುತ್ತದೆ. ಆದರೂ ಅದನ್ನೇ ಬಳಸಿ. ದ್ರಾವಣಕ್ಕೆ ಸ್ವಲ್ಪ ಗ್ಲಿಸರಿನ್ ಸೇರಿಸಿದರೆ ಬೇಗ ಒಣಗುವುದಿಲ್ಲ. ಫ್ಯಾನ್ ಆಫ್ ಮಾಡಿ. ನಳಿಗೆಯ ಬಾಯಿಯನ್ನು ಮೊದಲೇ ದ್ರಾವಣದಲ್ಲಿ ಅದ್ದಿ ಒದ್ದೆ ಮಾಡಿಟ್ಟುಕೊಳ್ಳಿ.

ಒತ್ತಡವನ್ನು ಅಳೆದೇ ತೋರಿಸಬೇಕು ಎಂದು ನಿಮಗೆ ಮುಂದೆ ಅನ್ನಿಸಬಹುದು. ಆಗ ಯು ಆಕಾರದ ನೀರಿನ ನಳಿಗೆ ಜೋಡಿಸುವ ಮೊದಲು ಈ ಅಂಕಿಗಳನ್ನು ನೋಡಿ. ನಿಮ್ಮ ಚಿಕ್ಕ ಗುಳ್ಳೆಯ ಹೆಚ್ಚುವರಿ ಒತ್ತಡ ಸುಮಾರು 6.7 ಪ್ಯಾಸ್ಕಲ್, ದೊಡ್ಡದರದ್ದು 3.3. ವಾತಾವರಣದ ಒತ್ತಡ ಒಂದು ಲಕ್ಷ ಪ್ಯಾಸ್ಕಲ್‌ಗೂ ಸ್ವಲ್ಪ ಹೆಚ್ಚು. 10 ಪ್ಯಾಸ್ಕಲ್ ಅಂದರೆ ನೀರಿನ ಮಟ್ಟದಲ್ಲಿ ಬರೀ 1 ಮಿ.ಮೀ. ವ್ಯತ್ಯಾಸ. ನೆಟ್ಟಗಿನ ನಳಿಗೆಯಲ್ಲಿ ಏನೂ ಕಾಣುವುದಿಲ್ಲ. ಹತ್ತಕ್ಕೆ ಒಂದರಂತೆ ಓರೆ ಮಾಡಿದರೆ 1 ಮಿ.ಮೀ. 10 ಮಿ.ಮೀ. ಆಗಿ ಕಾಣುತ್ತದೆ. ಆದರೆ ಅಪಾಯ ಒಂದಿದೆ. ಅಳೆಯುವ ನಳಿಗೆಯಲ್ಲೂ ನೀರಿನ ಮೈ ಬಾಗಿದೆ! ಕೆಲವು ಮಿ.ಮೀ. ತೂತಿನ ನಳಿಗೆಯಲ್ಲಿ ಆ ಬಾಗಿನಿಂದಲೇ ನೀರು ಕೆಲವು ಮಿ.ಮೀ. ಮೇಲೇರಿ ನಿಂತಿರುತ್ತದೆ. ಎರಡೂ ತೋಳು ಒಂದೇ ಅಳತೆ, ಒಂದೇ ಸ್ವಚ್ಛತೆ ಇದ್ದರೆ ಅದು ಕಳೆದುಹೋಗುತ್ತದೆ. ಒಂದು ತೋಳಿಗೆ ಬೆರಳಿನ ಜಿಡ್ಡು ತಗುಲಿದ್ದರೆ ನೀವು ಅಳೆಯುವುದು ಗುಳ್ಳೆಯನ್ನಲ್ಲ, ಜಿಡ್ಡನ್ನು. ನಾನು ಲ್ಯಾಬಿನಲ್ಲಿ ನೋಡಿದ ವಿಚಿತ್ರ ಅಂಕಿಗಳಲ್ಲಿ ಬಹಳಷ್ಟು ಕೊನೆಗೆ ತೊಳೆಯದ ಗಾಜಿಗೇ ಬಂದು ನಿಂತಿವೆ. ಮೇಲ್ಮೈ ಎಳೆತದಷ್ಟು ಕೊಳೆಗೆ ಹೆದರುವ ಅಳತೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಆಗ್ನೆಸ್ ಪೋಕೆಲ್ಸ್ ಎಂಬ ಜರ್ಮನ್ ಮಹಿಳೆ, ಕಾಲೇಜು ಮೆಟ್ಟಿಲು ಹತ್ತದವರು, ಮನೆಯಲ್ಲೇ ತಗಡಿನ ತೊಟ್ಟಿಯಲ್ಲಿ ನೀರಿನ ಮೈ ಮೇಲಿನ ಕೊಳೆ ಎಳೆತವನ್ನು ಹೇಗೆ ಬದಲಿಸುತ್ತದೆ ಎಂದು ವರ್ಷಗಟ್ಟಲೆ ಅಳೆದರು. ತಮ್ಮ ಫಲಿತಾಂಶವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಅವರಿಗೆ ಪತ್ರದಲ್ಲಿ ಬರೆದರು. ರೇಲಿ ಅದನ್ನು 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಲು ನೆರವಾದರು. ನಿಮ್ಮ ತರಗತಿಯ ಹುಡುಗಿಯರಿಗೆ ಈ ಸಂಗತಿ ತಪ್ಪದೇ ಹೇಳಿ.

ಆ ‘ಅನಂತ’ದ ಪ್ರಶ್ನೆ ಕೇಳಿದ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ತುಂಬ ಒಳ್ಳೆಯ ಪ್ರಶ್ನೆ. ಸೂತ್ರವನ್ನು ನಂಬಿ ಕೆಳಗಿಳಿಯುತ್ತಾ ಹೋಗೋಣ. 1 ಮಿ.ಮೀ. ತ್ರಿಜ್ಯದ ನೀರಿನ ಹನಿಯಲ್ಲಿ ಹೆಚ್ಚುವರಿ ಒತ್ತಡ 146 ಪ್ಯಾಸ್ಕಲ್. ಮಂಜಿನ ಒಂದು ಕಣ, ತ್ರಿಜ್ಯ ಮಿ.ಮೀ.ನ ಸಾವಿರದಲ್ಲಿ ಐದು ಭಾಗ ಎಂದಿಟ್ಟುಕೊಳ್ಳಿ, ಅದರಲ್ಲಿ 29,000 ಪ್ಯಾಸ್ಕಲ್. ವಾತಾವರಣದ ಕಾಲು ಭಾಗಕ್ಕಿಂತ ಹೆಚ್ಚು. ಇನ್ನೂ ಇಳಿದು ಬೆರಳೆಣಿಕೆಯ ಅಣುಗಳ ಮಟ್ಟಕ್ಕೆ ಬಂದರೆ ‘ಮೈ’ ಎಂಬುದಕ್ಕೇ ಅರ್ಥ ಉಳಿಯುವುದಿಲ್ಲ. ಒಳಗೆ ಯಾವುದು, ಹೊರಗೆ ಯಾವುದು ಎಂದು ಗೆರೆ ಎಳೆಯಲು ಆಗುವುದಿಲ್ಲ. ಸೂತ್ರದ ಸರಹದ್ದು ಅಲ್ಲಿಗೆ ಮುಗಿಯಿತು. ಅನಂತದವರೆಗೆ ಯಾರೂ ಹೋಗುವುದಿಲ್ಲ.

ಆದರೂ ಅವಳ ಅನುಮಾನದಲ್ಲಿ ನಿಜ ಇದೆ. ಚಿಕ್ಕ ಗುಳ್ಳೆ ಹುಟ್ಟುವುದು ನಿಜಕ್ಕೂ ಕಷ್ಟ. ಕುದಿಯುವ ನೀರನ್ನೇ ನೋಡಿ. 100 ಡಿಗ್ರಿಯಲ್ಲಿ ನೀರಿನ ಎಳೆತ ಸುಮಾರು 0.059. ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ ತ್ರಿಜ್ಯದ ಹಬೆಯ ಗುಳ್ಳೆ ಉಳಿಯಬೇಕಾದರೆ ಒಳಗೆ 1,18,000 ಪ್ಯಾಸ್ಕಲ್ ಹೆಚ್ಚುವರಿ ಒತ್ತಡ ಬೇಕು. ಹೊರಗಿನ ವಾತಾವರಣವೂ ಸೇರಿ ಎರಡು ವಾತಾವರಣಕ್ಕಿಂತ ಹೆಚ್ಚಾಯಿತು. ಹಬೆಗೆ ಅಷ್ಟು ಒತ್ತಡ ಬರಲು ನೀರು ಸುಮಾರು 123 ಡಿಗ್ರಿ ಬಿಸಿ ಇರಬೇಕು. ಹಾಗಾದರೆ ನೀರು 100ರಲ್ಲೇ ಹೇಗೆ ಕುದಿಯುತ್ತದೆ? ಪಾತ್ರೆಯ ಗೀರುಗಳಲ್ಲಿ, ಸಣ್ಣ ಬಿರುಕುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಗುಳ್ಳೆ ಸೊನ್ನೆಯಿಂದ ಹುಟ್ಟಬೇಕಿಲ್ಲ, ಆಗಲೇ ಇರುವ ಆ ಗಾಳಿಯಿಂದ ಶುರು ಮಾಡುತ್ತದೆ. ಮೋಡದಲ್ಲಿ ಹನಿ ಹುಟ್ಟಲು ಧೂಳೋ ಉಪ್ಪಿನ ಕಣವೋ ಬೇಕಾಗುವುದಕ್ಕೂ ಬುಡದಲ್ಲಿ ಇದೇ ಬಾಗಿನ ಕಷ್ಟ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನುಣುಪಾದ ಗಾಜಿನ ಲೋಟದಲ್ಲಿ ನೀರಿಟ್ಟು ಮೈಕ್ರೋವೇವ್‌ನಲ್ಲಿ ಜಾಸ್ತಿ ಹೊತ್ತು ಕಾಯಿಸಿದರೆ ಗುಳ್ಳೆಗೆ ಹುಟ್ಟುವ ಜಾಗವೇ ಸಿಗದೆ ಹೋಗಬಹುದು. ನೀರು 100 ಡಿಗ್ರಿ ದಾಟಿಯೂ ತಣ್ಣಗೆ ಕೂತ ಹಾಗೆ ಕಾಣುತ್ತದೆ. ಚಮಚ ಹಾಕಿದ ತಕ್ಷಣ, ಪುಡಿ ಹಾಕಿದ ತಕ್ಷಣ, ಒಮ್ಮೆಲೇ ಉಕ್ಕಿ ಮುಖಕ್ಕೆ ಹಾರುತ್ತದೆ. ಇದನ್ನು ತರಗತಿಯಲ್ಲಿ ‘ಪ್ರಯೋಗ’ವಾಗಿ ಮಾಡಬೇಡಿ. ಮಕ್ಕಳು ಮನೆಯಲ್ಲಿ ಮಾಡಿ ನೋಡದ ಹಾಗೆಯೂ ಹೇಳಿ.

ಶ್ವಾಸಕೋಶದ ಪ್ರಶ್ನೆ ನನ್ನ ಮನಸ್ಸಿಗೆ ಇನ್ನೂ ಹತ್ತಿರದ್ದು. ನಿಮ್ಮ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದ ಎಷ್ಟೋ ಶಿಶುಗಳು ಬದುಕಿವೆ.

ಗಾಳಿಚೀಲದ ತ್ರಿಜ್ಯ ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸು. ಒಳಗೋಡೆಗೆ ತೆಳುವಾದ ದ್ರವದ ಲೇಪ ಇದೆ, ಅದರ ಒಳಗೆ ಗಾಳಿ. ಮೈ ಒಂದೇ, ಆದ್ದರಿಂದ ಇಲ್ಲಿ 2, 4 ಅಲ್ಲ. ಆ ಲೇಪ ಬರೀ ನೀರಾಗಿದ್ದರೆ ಪ್ರತಿ ಚೀಲವನ್ನೂ ತೆರೆದಿಡಲು ಸುಮಾರು 1,400 ಪ್ಯಾಸ್ಕಲ್, ಅಂದರೆ 14 ಸೆಂ.ಮೀ. ನೀರಿನಷ್ಟು ಒತ್ತಡ ಬೇಕು. ಪ್ರತಿ ಉಸಿರಿಗೂ ಅಷ್ಟು ದುಡಿಯಬೇಕಾದರೆ ಮನುಷ್ಯ ಸುಸ್ತಾಗುತ್ತಾನೆ. ನಿಜದಲ್ಲಿ ಶ್ವಾಸಕೋಶದ ಕೆಲವು ಜೀವಕೋಶಗಳು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂಥ ವಸ್ತುವನ್ನು ತಯಾರಿಸಿ ಆ ಲೇಪದ ಮೇಲೆ ಹರಡುತ್ತವೆ. ಅದು ಸೋಪಿನ ಹಾಗೆ ಎಳೆತ ಇಳಿಸುತ್ತದೆ. ಅಷ್ಟೇ ಆಗಿದ್ದರೆ ಚಿಕ್ಕ ಚೀಲ ದೊಡ್ಡದಕ್ಕೆ ಖಾಲಿಯಾಗುವ ಸಮಸ್ಯೆ ಉಳಿಯುತ್ತಿತ್ತು. ಅದರ ಜಾಣತನ ಇನ್ನೊಂದು ಕಡೆ ಇದೆ. ಉಸಿರು ಬಿಟ್ಟು ಚೀಲ ಕುಗ್ಗಿದಾಗ ಅಣುಗಳು ಒತ್ತೊತ್ತಾಗಿ ಸೇರುತ್ತವೆ, ಎಳೆತ ಇನ್ನೂ ಇಳಿದು ಸೊನ್ನೆಯ ಹತ್ತಿರ ಹೋಗುತ್ತದೆ. ತ್ರಿಜ್ಯ ಇಳಿದರೂ ಎಳೆತ ಅದಕ್ಕಿಂತ ಬೇಗ ಇಳಿಯುವುದರಿಂದ ಒತ್ತಡ ಏರುವುದಿಲ್ಲ. ಚಿಕ್ಕದು ಬಚಾವ್. ಜೊತೆಗೆ, ಗಾಳಿಚೀಲಗಳು ದ್ರಾಕ್ಷಿ ಗೊಂಚಲಿನಂತೆ ಬಿಡಿ ಬಿಡಿಯಾಗಿ ತೂಗುತ್ತಿರುವುದಿಲ್ಲ. ಅನೇಕ ಪುಸ್ತಕದ ಚಿತ್ರಗಳು ಹಾಗೆ ತೋರಿಸುತ್ತವೆ, ಅದು ತಪ್ಪು ಕಲ್ಪನೆ ಕೊಡುತ್ತದೆ. ಅವು ಜೇನುಗೂಡಿನ ಕೋಣೆಗಳಂತೆ ಗೋಡೆ ಹಂಚಿಕೊಂಡಿವೆ. ಒಂದು ಕುಗ್ಗಲು ಹೋದರೆ ಅಕ್ಕಪಕ್ಕದ ಗೋಡೆಗಳು ಅದನ್ನು ಎಳೆದು ಹಿಡಿಯುತ್ತವೆ.

ಕುರ್ಟ್ ಫಾನ್ ನೀರ್ಗಾರ್ಡ್ ಎಂಬ ವೈದ್ಯ ವಿಜ್ಞಾನಿ 1929ರಲ್ಲೇ ಒಂದು ಅಳತೆ ಮಾಡಿದ್ದರು. ಶ್ವಾಸಕೋಶವನ್ನು ಗಾಳಿಯಿಂದ ಹಿಗ್ಗಿಸುವುದಕ್ಕಿಂತ ದ್ರವದಿಂದ ಹಿಗ್ಗಿಸುವುದು ಬಹಳ ಸುಲಭ ಎಂದು ಕಂಡಿತು. ದ್ರವ ತುಂಬಿದರೆ ಗಾಳಿ ಮತ್ತು ದ್ರವ ಸೇರುವ ಮೈಯೇ ಇರುವುದಿಲ್ಲವಲ್ಲ! ಆ ಕೆಲಸವನ್ನು ಬಹಳ ವರ್ಷ ಯಾರೂ ಗಮನಿಸಲಿಲ್ಲ. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್, ಅವಧಿಗೆ ಮುಂಚೆ ಹುಟ್ಟಿ ಉಸಿರಾಟದ ತೊಂದರೆಯಿಂದ ಸಾಯುವ ಶಿಶುಗಳ ಶ್ವಾಸಕೋಶದಲ್ಲಿ ಈ ಸರ್ಫ್ಯಾಕ್ಟೆಂಟ್ ಕೊರತೆ ಇದೆ ಎಂದು ತೋರಿಸಿದರು. ಕಾರಣ ಗೊತ್ತಾಯಿತು, ಔಷಧ ಇರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಅವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ ತೀರಿಕೊಂಡಿತು, ಹುಟ್ಟಿ ಎರಡು ದಿನವೂ ತುಂಬಿರಲಿಲ್ಲ. ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟೆಂಟನ್ನು 10 ಶಿಶುಗಳ ಶ್ವಾಸನಾಳಕ್ಕೆ ಹಾಕಿ ಗುಣ ಕಂಡದ್ದನ್ನು ಜಪಾನಿನ ತೆತ್ಸುರೊ ಫುಜಿವಾರಾ ಮತ್ತು ಸಂಗಡಿಗರು ವರದಿ ಮಾಡಿದ್ದು 1980ರಲ್ಲಿ. ಇವತ್ತು ಶಿಶು ತಜ್ಞರ ಕೈಯಲ್ಲಿ ಅದು ದಿನನಿತ್ಯದ ಔಷಧ. ಒಂದು ಭಾಗಾಕಾರದ ಸೂತ್ರ ಇಷ್ಟು ದೂರ ಬಂದಿದೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪಾದರಸ ಬೇಡವೇ ಬೇಡ. ಹನಿ ಉರುಳುವುದು ನೋಡಲು ಚೆಂದ. ಆದರೆ ಅದರ ಆವಿ ವಿಷ. ಚೆಲ್ಲಿದರೆ ನೆಲದ ಸಂದುಗಳಿಗೆ ಸೇರಿಕೊಂಡು ತಿಂಗಳುಗಟ್ಟಲೆ ಆವಿಯಾಗುತ್ತಿರುತ್ತದೆ. ತರಗತಿಯಲ್ಲಿ ಪೂರ್ತಿ ಬಾಚಿ ತೆಗೆಯಲು ಆಗುವುದಿಲ್ಲ.

ಅದರ ಬದಲು ಒಳಗೆ ಒತ್ತಡ ಕಡಿಮೆಯಾಗುವ ಉದಾಹರಣೆ ತೋರಿಸಿ. ಮಕ್ಕಳು ಇದುವರೆಗೆ ಒಳಗೆ ಜಾಸ್ತಿ ಇರುವುದನ್ನೇ ನೋಡಿದ್ದಾರೆ. ಸೂಕ್ಷ್ಮದರ್ಶಕದ ಎರಡು ಗಾಜಿನ ಪಟ್ಟಿ ತೆಗೆದುಕೊಂಡು ಚೆನ್ನಾಗಿ ತೊಳೆದು, ನಡುವೆ ಒಂದು ಹನಿ ನೀರು ಹಾಕಿ ಒತ್ತಿ. ಈಗ ನೇರವಾಗಿ ಬಿಡಿಸಲು ನೋಡಲಿ. ಗಾಜುಗಳ ನಡುವೆ ನೀರಿನ ಅಂಚು ಒಳಮುಖವಾಗಿ ಬಾಗಿದೆ. ತಗ್ಗಿನ ಬದಿಯಲ್ಲಿ ಇರುವುದು ಗಾಳಿ. ಹಾಗಾದರೆ ಜಾಸ್ತಿ ಒತ್ತಡ ಗಾಳಿಯದ್ದು, ಕಡಿಮೆ ನೀರಿನದ್ದು. ಸಂದು ಮಿ.ಮೀ.ನ ನೂರನೇ ಒಂದು ಭಾಗ ಇದ್ದರೆ ನೀರಿನ ಒತ್ತಡ ಹೊರಗಿಗಿಂತ ಸುಮಾರು 14,000 ಪ್ಯಾಸ್ಕಲ್ ಕಡಿಮೆ. 25 ಮಿ.ಮೀ. ಅಗಲ, 75 ಮಿ.ಮೀ. ಉದ್ದದ ಪಟ್ಟಿಯ ಮೇಲೆ ಅದು ಎರಡೂವರೆ ಕಿಲೋಗೂ ಹೆಚ್ಚು ಭಾರ ಇಟ್ಟ ಹಾಗೆ. ವಾತಾವರಣವೇ ಎರಡನ್ನೂ ಒತ್ತಿ ಹಿಡಿದಿದೆ. ನೀರು ಗೋಂದಿನಂತೆ ಅಂಟಿಸಿದೆ ಎನ್ನುವುದು ಸರಿಯಲ್ಲ. ಬೇಕಾದರೆ ಜೋಡಿಯನ್ನು ಹಾಗೇ ನೀರಿನ ಬಟ್ಟಲಲ್ಲಿ ಮುಳುಗಿಸಿ. ಬಾಗಿದ ಅಂಚು ಮಾಯ, ಹಿಡಿತವೂ ಮಾಯ. ಒದ್ದೆ ಮರಳಿನ ಗೋಡೆ ನಿಂತು, ನೀರಿನಲ್ಲಿ ಮುಳುಗಿದ ಮರಳು ಕುಸಿಯುವುದೂ ಹೀಗೇ. ಒಂದೇ ಅಪಾಯ, ಮಕ್ಕಳು ಉಗುರು ಹಾಕಿ ಕೀಳಲು ಹೋದರೆ ಗಾಜು ಮುರಿದು ಕೈ ಕುಯ್ಯುತ್ತದೆ. ಅಂಚು ಉಜ್ಜಿದ ಪಟ್ಟಿ ಬಳಸಿ, ಬಿಡಿಸುವಾಗ ಪಕ್ಕಕ್ಕೆ ಜಾರಿಸಿ. ಹಾಗೆ ಸಲೀಸಾಗಿ ಬರುತ್ತದೆ.

ಸಣ್ಣ ನಳಿಗೆಯಲ್ಲಿ ನೀರು ಏರುವುದೂ ಇದೇ ಕಡಿಮೆ ಒತ್ತಡದಿಂದ. 1 ಮಿ.ಮೀ. ತೂತಿನ ಶುದ್ಧ ಗಾಜಿನ ನಳಿಗೆಯಲ್ಲಿ ಸುಮಾರು 3 ಸೆಂ.ಮೀ. ಏರುತ್ತದೆ. ಅದನ್ನು ನೀವು ಆಗಲೇ ಪಾಠ ಮಾಡಿರುತ್ತೀರಿ, ಬಿಡುತ್ತೇನೆ.

ಕೊನೆಯದಾಗಿ ನಿಮ್ಮ ನಳಿಗೆಯ ಬಾಯಲ್ಲಿ ಉಳಿದ ಆ ಉಬ್ಬು. ನಿಮ್ಮ ಪತ್ರದಲ್ಲಿ ನನಗೆ ಅತಿ ಇಷ್ಟವಾದ ಸಾಲು ಅದು. ಚಿಕ್ಕ ಗುಳ್ಳೆ ಪೂರ್ತಿ ಮಾಯವಾಗಲಿಲ್ಲ, ಯಾಕೆ? ಅದು ಕುಗ್ಗುತ್ತಾ ಬಂದು ನಳಿಗೆಯ ಬಾಯಿಯ ಮೇಲೆ ಸರಿಯಾಗಿ ಅರ್ಧಗೋಳವಾದಾಗ ತ್ರಿಜ್ಯ ಅತಿ ಕಡಿಮೆ. ಅಲ್ಲಿಂದ ಮುಂದೆ ಚಪ್ಪಟೆಯಾದಷ್ಟೂ ಬಾಗು ಕಡಿಮೆಯಾಗುತ್ತದೆ, ಅಂದರೆ ತ್ರಿಜ್ಯ ಮತ್ತೆ ದೊಡ್ಡದಾಗುತ್ತದೆ, ಒತ್ತಡ ಇಳಿಯುತ್ತದೆ. ಉಬ್ಬಿನ ತ್ರಿಜ್ಯ ಮತ್ತು ದೊಡ್ಡ ಗುಳ್ಳೆಯ ತ್ರಿಜ್ಯ ಒಂದೇ ಆದಾಗ ಗಾಳಿಯ ಓಟ ನಿಲ್ಲುತ್ತದೆ. ಇದನ್ನು ಮಕ್ಕಳೇ ಅಳೆಯಬಹುದು. ನಳಿಗೆಯ ಎರಡೂ ತುದಿಗೆ 3 ಸೆಂ.ಮೀ. ಬಾಯಿಯ ಚಿಕ್ಕ ಆಲಿಕೆ ಸಿಕ್ಕಿಸಿ. ಮೇಲೆ ಹೇಳಿದಂತೆ 5 ಮತ್ತು 5.6 ಸೆಂ.ಮೀ. ಅಗಲದ ಗುಳ್ಳೆಗಳನ್ನು ಊದಿ, ಕ್ಲಿಪ್ ತೆಗೆದು, ಎಲ್ಲ ನಿಂತ ಮೇಲೆ ಪಕ್ಕದಿಂದ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಉಬ್ಬಿನ ಎತ್ತರ ಸುಮಾರು ಮೂರೂವರೆ ಮಿ.ಮೀ. ಬರಬೇಕು. ಆಲಿಕೆಯ ಬಾಯಿಯ ತ್ರಿಜ್ಯದ ವರ್ಗಕ್ಕೆ ಎತ್ತರದ ವರ್ಗ ಕೂಡಿಸಿ, ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಉಬ್ಬಿನ ತ್ರಿಜ್ಯ ಸಿಗುತ್ತದೆ. 15ರ ವರ್ಗ 225, 3.5ರ ವರ್ಗ 12.25, ಕೂಡಿಸಿ 7ರಿಂದ ಭಾಗಿಸಿದರೆ ಹತ್ತಿರ ಹತ್ತಿರ 34 ಮಿ.ಮೀ. ಅತ್ತ ದೊಡ್ಡ ಗುಳ್ಳೆಯ ಅಗಲ ಅಳೆದು ಅರ್ಧ ಮಾಡಿ. ಅಲ್ಲೂ 33, 34ರ ಆಸುಪಾಸು ಬಂದರೆ ಜೋಡಣೆ ಗಟ್ಟಿ ಇದೆ ಎಂದು ಅರ್ಥ. ಸೋರಿಕೆ ಇದ್ದಿದ್ದರೆ ದೊಡ್ಡದೂ ಕುಗ್ಗುತ್ತಲೇ ಇರುತ್ತಿತ್ತು, ಕೊನೆಗೆ ಎರಡೂ ಬಾಯಲ್ಲಿ ಪೊರೆ ಸಪಾಟಾಗುತ್ತಿತ್ತು. ಆ ಫೋಟೋವನ್ನು ನಿಮ್ಮ ಸಹೋದ್ಯೋಗಿಗೂ ತೋರಿಸಿ. ಸಾಧ್ಯವಾದರೆ ನನಗೂ ಒಂದು ಕಳಿಸಿ.